ದಸ್ಕತ್ ಆಗೋತನಕ ಮುಟ್ಟಬ್ಯಾಡ್ರಿ

ಫೈರ್ ಸ್ಟೇಷನ್ನಿಗೆ ಡಾಕ್ಟರಮ್ಮ ಯಾಕ ಅಂತ ಕೇಳೋರು ನನಗ ದಿನಾ ಒಬ್ಬರಾದ್ರೂ ಸಿಗ್ತಾರ. ಕೇಳಲಿ. ನಾರಾಯಣಪೇಟ, ಮಖ್ತಲ್, ಗದ್ವಾಲ, ಮೂರೂ ಕಡೆ ಬೆಂಕಿ ಆರಿಸೋ ಮಂದಿಗೆ ಪ್ರಥಮ ಚಿಕಿತ್ಸೆ ಕಲಿಸಿ, ಅವರು ಮಾಡೋದು ಸರಿ ಐತೋ ಇಲ್ಲೋ ನೋಡೋದು ನನ್ನ ಕೆಲಸ. ನೀರು ಹೊಡಿಯೋ ಕೈಗೆ ನಾಡಿ ಹಿಡಿಯೋದು ಕಲಿಸಿದ ಮ್ಯಾಲ ಇಂಥ ಪ್ರಸಂಗ ನಡೀದ ಇರ್ತಾವೇನ್ರಿ?

೧. ಕುಣಿ ಮಗ್ಗ

ನಾರಾಯಣಪೇಟದಾಗ ಒಬ್ಬ ನೇಕಾರ ಮಗ್ಗದ ಮುಂದೇ ಎಚ್ಚರ ತಪ್ಪಿದ. ಕುಣಿ ಮಗ್ಗ ಅದು. ಕಾಲೆರಡೂ ಕುಣಿಯೊಳಗ, ಬೆನ್ನಿಗೆ ಗ್ವಾಡಿ, ಎದಿ ಮುಂದ ಅರ್ಧ ನೇಯ್ದ ಸೀರಿ. ಸ್ಟೇಷನ್ ಪಕ್ಕದ ಓಣಿಯಾಗೇ ಇತ್ತು, ನಮ್ಮವರು ಓಡಿದ್ರು. ಅಲ್ಲಿಂದ ನನಗ ಫೋನ್ ಹಚ್ಚಿದ್ರು.

"ಮಲಗಿಸಿ ಕಾಲು ಮ್ಯಾಲ ಎತ್ರಿ" ಅಂದೆ.

"ಎತ್ತಾಕ ಸೀರಿ ಅಡ್ಡ ಐತ್ರಿ ಮೇಡಂ. ಕತ್ತರಿಸಲೇನು?"

ಹಿಂದಿನಿಂದ ನೇಕಾರನ ಹೆಂಡ್ತಿ ಚೀರಿದ್ಲು: "ಒಂದು ಎಳಿ ಹರಿದ್ರೂ ನೋಡ್ರಿ! ಎರಡು ದಿನ ಕುಂತು ಕಟ್ಟೀವಿ ಅದನ್ನ!"

ಇಬ್ಬರು ಕುಣಿಯೊಳಗ ಇಳಿದು ಕೆಳಗಿನಿಂದ ಕಾಲು ಎತ್ತಿದ್ರು, ಮೂರನೇಯವ ತಲಿ ಪಕ್ಕಕ್ಕ ಒರಗಿಸಿದ. ನೇಕಾರ ಕಣ್ಣು ಬಿಟ್ಟ. ನಾ ಎಲ್ಲಿದ್ದೀನಿ ಅಂತ ಕೇಳಲಿಲ್ಲ ಪುಣ್ಯಾತ್ಮ. ಸೀರಿ ಮ್ಯಾಲ ಕೈ ಆಡಿಸಿ, "ಇಲ್ಲೊಂದು ಎಳಿ ಹರದೈತಿ. ಹರದವರೇ ಕಟ್ರಿ" ಅಂದ. ಜೀವ ಉಳಿಸಾಕ ಹೋದವರು ಅರ್ಧ ತಾಸು ನೂಲು ಗಂಟು ಹಾಕಿ ಬಂದ್ರು.

೨. ಒಂದು ಪುಟ್ಟಿ ಕಸ

ಮರಿಕಲ್ ಹತ್ರ ಬೆಂಕಿ ಅಂತ ಕರೆ ಬಂತು. ಗಂಟಿ ಬಾರಿಸ್ಕೋತ ಹೋದ್ರ, ತಿಪ್ಪಿ ಪಕ್ಕ ಒಂದು ಪುಟ್ಟಿಯಷ್ಟು ಕಸ ಉರೀತಿತ್ತು. ಅದರ ಬಾಜೂಕ ಒಬ್ಬ ಮುದುಕಿ ತೋಳು ಏರಿಸ್ಕೊಂಡು ಕುಂತಿದ್ಲು.

"ಯಾರು ಹಚ್ಚಿದ್ರು ಯವ್ವಾ?"

"ನಾನೇಪಾ. ಹೋದ ತಿಂಗಳು ಬಣವಿ ಆರಿಸಾಕ ಬಂದಾಗ ನಮ್ಮ ಸೊಸಿಗೆ ಬಿಪಿ ನೋಡಿದ್ರಿ, ನನ್ನ ಬಿಟ್ಟು ಹೋದ್ರಿ. ಮತ್ತ ಕರೀಬೇಕಂದ್ರ ದಾರಿ ಏನೈತಿ ಹೇಳು?"

ಆಕಿ ಹಿಂದ ಅರ್ಧ ಊರು ತೋಳು ಏರಿಸ್ಕೊಂಡು ಸಾಲಾಗಿ ನಿಂತಿತ್ತು. ನಮ್ಮವರು ಎಲ್ಲರನ್ನೂ ನೋಡಿದ್ರು. ಮುದುಕಿ ಬಿಪಿ ನೆಟ್ಟಗಿತ್ತು. ಏರಿದ್ದು ನಮ್ಮ ಡ್ರೈವರಂದು.

೩. ಹುಕುಂ

ಈ ಸುದ್ದಿ ಮ್ಯಾಲಿನ ಸಾಹೇಬರಿಗೆ ಮುಟ್ಟಿತು. ಮರುದಿನವೇ ಹುಕುಂ ಬಂತು: ಸಾಹೇಬರು ದಸ್ಕತ್ ಹಾಕಿದ ಕಾಗದ ಕೈಗೆ ಬರೋತನಕ ಸಿಬ್ಬಂದಿ ಯಾವ ರೋಗಿಯನ್ನೂ ಮುಟ್ಟಬಾರದು. ಡಾಕ್ಟರಮ್ಮನೂ ಸ್ಟೇಷನ್ನಿನಾಗ ಮುಟ್ಟಬಾರದು. ಬಾಯಿಮಾತಿನ ಅಪ್ಪಣೆ ನಡೆಯಂಗಿಲ್ಲ.

ಮೈಯೆಲ್ಲ ಉರೀತು ನನಗ. ಫೋನ್ ಮಾಡಿ ಕೇಳೇಬಿಟ್ಟೆ: "ರಕ್ತ ನಿಮ್ಮ ದಸ್ಕತ್ತಿಗೆ ಕಾಯ್ತೈತೇನ್ರಿ?"

"ನೀವು ಭಾಳ ಮಾತಾಡ್ತೀರಿ" ಅಂದ್ರು.

ಅದೇ ವಾರ ಮಖ್ತಲ್ ರೋಡಿನ್ಯಾಗ ಲಾರಿ ಮಗಚಿತು. ಡ್ರೈವರನ ತೊಡಿಯಿಂದ ರಕ್ತ ಚಿಮ್ಮಾಕತ್ತಿತ್ತು. ನಮ್ಮ ಹಿರಿಯ ಫೈರ್‌ಮನ್ ಫೋನ್ ಮಾಡಿದ: "ಹುಕುಂ ಐತಿ ಮೇಡಂ, ಏನ್ ಮಾಡ್ಲಿ?"

"ಕಟ್ಟೋ ಬಿಗಿಯಾಗಿ! ಮೆಮೋ ಬಂದ್ರ ನನಗ ಬರಲಿ!"

ಕಟ್ಟಿದ. ಲಾರಿಯವ ಬದುಕಿದ. ಮೆಮೋ ಬಂತು, ಇಬ್ಬರಿಗೂ: ನಿಮ್ಮನ್ನ ಕೆಲಸದಿಂದ ಯಾಕ ತೆಗೀಬಾರದು? ನಾನು ಬರದೆ: "ಮನಷ್ಯಾ ಬದುಕ್ಯಾನ. ನಾಳೆ ಮತ್ತೊಬ್ಬ ಬಿದ್ರ ಮತ್ತ ಕಟ್ಟಸ್ತೀನಿ." ಬರಿಯೋದೇನೋ ಬರದೆ. ಆದ್ರ ಫೈರ್‌ಮನ್ನಿಗೆ ನಿವೃತ್ತಿ ಎರಡೇ ವರ್ಷ ಉಳಿದಿತ್ತು. ನನ್ನ ಮಾತು ಕೇಳಿ ಅವನ ನೌಕರಿ ಹೋದ್ರ ಏನ್ ಗತಿ ಅಂತ ಖರೇನ ಹೆದರಿದ್ದೆ.

೪. ಗದ್ವಾಲದಾಗ ವಿಚಾರಣೆ

ವಿಚಾರಣೆಗೆ ಸಾಹೇಬರು ಗದ್ವಾಲ ಸ್ಟೇಷನ್ನಿಗೆ ಬಂದ್ರು. ನಮ್ಮಿಬ್ಬರನ್ನೂ ಅಂಗಳದಾಗ ಕೂಡಿಸಿ, "ನಿಮ್ಮ ಕೆಲಸ ಪೈಪ್ ಹಿಡಿಯೋದು! ಹ್ಯಾಂಗ ಹಿಡಿಬೇಕು ನೋಡ್ರಿ!" ಅಂತ ತಾವೇ ಪೈಪ್ ಕಸ್ಕೊಂಡ್ರು. ನೀರು ಬಂದದ್ದೇ ತಡ, ಪೈಪ್ ಅವರನ್ನೇ ಎತ್ತಿ ಒಗೀತು. ಗಾಡಿ ಮೆಟ್ಟಿಲ ಅಂಚು ಬಡಿದು ಬಲಗೈ ಅಂಗೈ ಸೀಳಿತು.

"ಕಟ್ರೋ! ಲಗೂನ ಕಟ್ರೋ!"

ಫೈರ್‌ಮನ್ ಕೈ ಕಟ್ಕೊಂಡು ನಿಂತ. "ಬಾಯಿಮಾತು ನಡೆಯಂಗಿಲ್ರಿ ಸರ್, ನಿಮ್ಮದೇ ಹುಕುಂ. ಹೇಳಾಕ ಅಡ್ಡಿ ಇಲ್ಲ, ಹೇಳ್ತೀನಿ. ಎಡಗೈಲೆ ಒತ್ತಿ ಹಿಡೀರಿ. ಹಾಂ, ಈಗ ಮ್ಯಾಲೆತ್ರಿ."

ಸಾಹೇಬರು ಒತ್ತಿದ್ರು, ಎತ್ತಿದ್ರು. ಪ್ರಾಣಕ್ಕೇನೂ ಧೋಕಾ ಇರಲಿಲ್ಲ. ಅದನ್ನ ನೋಡ್ಕೊಂಡೇ ನಾ ಕುರ್ಚಿ ಬಿಟ್ಟು ಏಳಲಿಲ್ಲ.

"ಡಾಕ್ಟರಮ್ಮಾ, ನೀವಾದ್ರೂ ನೋಡ್ರಿ!"

"ನನಗೂ ಮುಟ್ಟಬ್ಯಾಡ ಅಂದೀರಲ್ರಿ" ಅಂದೆ. ಒಂದು ಹಾಳಿ ತಗೊಂಡು ಬರದು ಮುಂದ ಹಿಡಿದೆ. "ಹಳೇ ಹುಕುಂ ರದ್ದು. ಮೆಮೋ ವಾಪಸ್. ರಕ್ತ ಕಂಡಲ್ಲಿ ಯಾರನ್ನೂ ಕೇಳದ ಕಟ್ಟಬಹುದು. ದಸ್ಕತ್ ಮಾಡ್ರಿ."

"ಬಲಗೈ ಹಿಂಗಾಗೈತಿ, ಹ್ಯಾಂಗ ಮಾಡ್ಲಿ?"

"ಹೆಬ್ಬೆಟ್ಟು ನಡೀತೈತ್ರಿ ಸರ್" ಅಂದ ಫೈರ್‌ಮನ್, ಭಾಳ ಅದಬಿನಿಂದ. "ನಮ್ಮವ್ವ ಜೀವಮಾನ ಪೂರಾ ಹೆಬ್ಬೆಟ್ಟಿನ ಮ್ಯಾಲೇ ಪಿಂಚಣಿ ತಗೊಂಡ್ಲು. ಸಾಕ್ಷಿಗೆ ನಾವದೀವಿ."

ಸಾಹೇಬರು ನನ್ನ ನೋಡಿದ್ರು, ಹಾಳಿ ನೋಡಿದ್ರು, ಕಡೀಕ ಎಡಗೈ ಹೆಬ್ಬೆಟ್ಟು ಒತ್ತೇಬಿಟ್ರು.

ಮಸಿ ತರೋ ಜರೂರತ್ ಬೀಳಲಿಲ್ರಿ. ಬೆರಳು ಆಗಲೇ ಕೆಂಪಗಿತ್ತು.