ಲಾಡ್ಲೆಸಾಬನ ರದ್ದಿಯಲ್ಲಿ ಒಂದು ಮುಖಪುಟ

2024ರ ಜುಲೈ 14, ರವಿವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ಅಫಜಲಪುರದ ಬಸ್ ನಿಲ್ದಾಣದ ಹಿಂದೆ, ಲಾಡ್ಲೆಸಾಬನ ರದ್ದಿ ಅಂಗಡಿಯ ಮುಂದೆ ಅನೀಲಕುಮಾರನ ಸೈಕಲ್ ತಾನಾಗಿಯೇ ನಿಂತಿತು.

ಸುತಳಿ ಕಟ್ಟಿದ ಹಳೆಯ ಕಾಮಿಕ್ಸ್ ಪುಸ್ತಕಗಳು. ಬೆನ್ನು ಎಣಿಸಿದ, ಹತ್ತೊಂಬತ್ತು. ಎಲ್ಲಕ್ಕೂ ಮೇಲಿನದರ ಮುಖಪುಟದಲ್ಲಿ, ಸಮುದ್ರದ ತಳದಲ್ಲಿ ಒಬ್ಬ ವೀರ ಕಂದೀಲು ಹಿಡಿದು ಆಕ್ಟೋಪಸ್ಸಿನ ಎದುರು ನಿಂತಿದ್ದ. ಬೆಳಕು ಅವನ ಒಂದೇ ಕೆನ್ನೆಗೆ ಬಿದ್ದಿತ್ತು. ಸುತ್ತಲಿನ ನೀರು ಹಸಿರಿನಿಂದ ಕಪ್ಪಿಗೆ ಏಳು ಹಂತಗಳಲ್ಲಿ ಇಳಿಯುತ್ತಿತ್ತು. ಐವತ್ತು ವರ್ಷದ ಹಿಂದೆ ಯಾರೋ ಕುಂಚ ಹಿಡಿದು ಬರೆದದ್ದು. ಕಾಲೇಜಿನಲ್ಲಿ ಪ್ರಯೋಗಾಲಯ ಸಹಾಯಕನಾದರೂ, ನೀರೊಳಗೆ ಕಂದೀಲು ಹೇಗೆ ಉರಿಯಿತೆಂದು ಅನೀಲಕುಮಾರ ಕೇಳಿಕೊಳ್ಳಲಿಲ್ಲ. ಹಳೆಯ ಕಾಮಿಕ್ಸುಗಳನ್ನು ಆತ ಕೂಡಿಡುತ್ತಿದ್ದುದೇ ಮುಖಪುಟಕ್ಕಾಗಿ. ಒಳಗಿನ ಕತೆ ಒಂದನ್ನೂ ಓದಿದವನಲ್ಲ. ಈ ಒಂದು ಮುಖಪುಟಕ್ಕೆ ಹನ್ನೊಂದು ವರ್ಷ ಅಲೆದಿದ್ದ.

ಆದರೆ ಖುಷಿ ತೋರಿಸುವಂತಿರಲಿಲ್ಲ. ಹೋದ ವರ್ಷ ಜೇವರ್ಗಿಯಲ್ಲಿ ಇಂಥದೇ ಕಟ್ಟು ಕಂಡು ಹಲ್ಲು ಕಿರಿದದ್ದಕ್ಕೆ, ಅಂಗಡಿಯವ ‘ಇದರಾಗ ಏನೋ ಅದ’ ಎಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದ. ಹೀಗಾಗಿ ಇಂದು, ಗುಬ್ಬಿ ಕಂಡ ಬೆಕ್ಕು ಬೇಕೆಂದೇ ಆಕಳಿಸುವ ಹಾಗೆ ಆಕಳಿಸಿದ.

“ಚಾಚಾ, ಆ ಹಳೇ ಪುಸ್ತಕ ಏನವು?”

“ಹುಡುಗರ ಪುಸ್ತಕರಿ ಸರ.” ಲಾಡ್ಲೆಸಾಬ ಕನ್ನಡಕ ಮೇಲೆ ಸರಿಸಿದ. “ಕೈ ಯಾಕ ನಡಗಾಕತ್ಯಾವ್ರಿ?”

“ಥಂಡಿ.”

“ಇಷ್ಟು ಸೆಕಿಯೊಳಗ?”

ಖಾಲಿ ಬಾಟಲಿ ಮಾರಲು ಬಂದಿದ್ದ ನೆರೆಮನೆಯ ಶಾರದಾಬಾಯಿಯ ಕಿವಿ ನೆಟ್ಟಗಾಯಿತು. “ತಮ್ಮಾ, ನಿಮ್ಮ ಮನ್ಯಾಗ ಸಣ್ಣ ಹುಡುಗರೇ ಇಲ್ಲ. ಯಾರಿಗಪ್ಪಾ ಇವು?”

“ನನಗರೀ ಅಕ್ಕಾ. ಕತಿ ಓದ್ತೇನಿ.”

“ಅಯ್ಯ, ಈ ವಯಸ್ಸಿನ್ಯಾಗ?”

ಅಷ್ಟರಲ್ಲಿ ಕಾಲೇಜಿನ ಗುಮಾಸ್ತ ನಾಗಣ್ಣ ಭಜಿ ತಿನ್ನುತ್ತಾ ಬಂದ. “ಇಂವ ಸುಮ್ಮನ ತಗೊಳ್ಳೋ ಗಿರಾಕಿ ಅಲ್ಲಬೇ ಅಕ್ಕಾ. ನಿಜಾಮನ ಕಾಲದ ಹೊಲದ ಕಾಗದ ಒಳಗ ಸಿಕ್ಕೊಂಡಿರಬೇಕು!”

ಸುತಳಿ ಬಿಚ್ಚಿತು. ನಾಗಣ್ಣ ಒಂದೊಂದೇ ಪುಸ್ತಕವನ್ನು ಕಾಲು ಹಿಡಿದ ಕೋಳಿಯಂತೆ ಜಾಡಿಸಿದ. ಉದುರಿದ್ದು ಒಂದು ಒಣ ಬೇವಿನೆಲೆ. ಭಜಿಯ ಎಣ್ಣೆ ಬೆರಳು ಆ ವೀರನ ಕೆನ್ನೆಯತ್ತ ಸರಿದಾಗ ಅನೀಲಕುಮಾರನಿಗೆ ತಡೆಯಲಾಗಲಿಲ್ಲ.

“ರಟ್ಟಿಗೆ ಕೈ ಹಚ್ಚಬ್ಯಾಡಲೇ!”

ಮೂವರೂ ಬಗ್ಗಿದರು. ಆರು ಕಣ್ಣು ಮುಖಪುಟಕ್ಕೆ ಅಂಟಿಕೊಂಡವು.

“ಯಾಕ್ರಿ? ರಟ್ಟಿನ್ಯಾಗ ಏನದ?” ಲಾಡ್ಲೆಸಾಬ ಮೆಲ್ಲಗೆ ಕೇಳಿದ.

“ಏನಿಲ್ಲ! ಧೂಳ, ಹುಳ. ಇವಗ ತುರಿಕಿ ಆದೀತಂತ... ರಟ್ಟು ಯಾರಿಗೆ ಬೇಕ್ರಿ? ಕಸ. ನನಗ ಒಳಗಿನ ಕತಿ ಅಷ್ಟೇ ಸಾಕು.”

“ಖರೇನಾ?”

“ನಮ್ಮವ್ವನ ಆಣಿ ಚಾಚಾ.”

ಇಷ್ಟು ಸಾಲದೆಂದು, “ಕಟ್ಟಿಡ್ರಿ, ಚಾ ಕುಡದು ಬರ್ತೇನಿ” ಎಂದು ಹಿಂತಿರುಗಿಯೂ ನೋಡದೆ ನಡೆದ. ನಾಗಣ್ಣನನ್ನು ಪುಸ್ತಕಗಳ ಬಳಿ ಬಿಡುವಷ್ಟು ದಡ್ಡನಲ್ಲ. ಅವನನ್ನೂ ರಟ್ಟೆ ಹಿಡಿದು ಎಳೆದೊಯ್ದ. ಗಡಿಯಾರ ನೋಡಿಕೊಂಡು, ಒಂದು ಕಪ್ ಚಹಾವನ್ನು ಇಪ್ಪತ್ತು ನಿಮಿಷ ಕುಡಿದ. ತನ್ನ ನಟನೆಗೆ ತಾನೇ ಮನಸ್ಸಿನಲ್ಲಿ ಚಪ್ಪಾಳೆ ತಟ್ಟಿಕೊಂಡ.

ಮರಳಿದಾಗ ಕಟ್ಟು ವರ್ತಮಾನ ಪತ್ರಿಕೆಯಲ್ಲಿ ಸುತ್ತಿ ಸಿದ್ಧವಿತ್ತು. ಒಂದು ಮೂಲೆ ಹರಿದು ಇಣುಕಿದ. ಕಪ್ಪು-ಬಿಳುಪಿನ ಒಳಪುಟ. ಅದರ ಕೆಳಗಿನದೂ ಒಳಪುಟ.

“ಚಾಚಾ... ರಟ್ಟು?”

“ತಗದೇನ್ರಿ, ಹತ್ತೊಂಬತ್ತೂ. ನುಣುಪು ಕಾಗದ ನಮ್ಮಲ್ಲಿ ಬ್ಯಾರೇ ಮಾಲು. ಬ್ಯಾಡ ಅಂದಿದ್ದು ನಿಮ್ಮ ತೂಕದಾಗ ಹ್ಯಾಂಗ ಸೇರಿಸಲಿ?”

“ಎಲ್ಲಿ ಅದಾವು?”

ಲಾಡ್ಲೆಸಾಬ ಗೋಣಿಚೀಲ ತೋರಿಸಿದ. ತುಂಬಾ ಬಣ್ಣದ ಚೂರುಗಳು.

“ಸುಳ್ಳ್ಯಾಕ ಹೇಳ್ಲಿ ಸರ, ನಿಮ್ಮ ಮ್ಯಾಲ ಸಂಶಯ ಬಂತು. ಏನರ ಅಂಟಿಸ್ಯಾರೇನಂತ ಒಂದೊಂದೂ ಹರದು ನೋಡಿದೆ.”

“ನಾನೂ ಕೈ ಹಚ್ಚಿದೆ ತಮ್ಮಾ,” ಶಾರದಾಬಾಯಿ ಹೆಮ್ಮೆಯಿಂದ ಅಂದಳು. “ಏನೂ ಇರಲಿಲ್ಲ. ನೀ ಹೇಳಿದ್ದು ಖರೇ, ಕಸಾನೇ.”

ಅನೀಲಕುಮಾರ ರಟ್ಟಿಲ್ಲದ ಕಟ್ಟನ್ನು ಅಂಗೈಯಲ್ಲಿ ಎತ್ತಿ ನೋಡಿದ. ಗಿರಾಕಿಗೆ ತೂಕದ ಮೇಲೆ ಅನುಮಾನ ಬಂದಿದೆ ಎಂದುಕೊಂಡ ಲಾಡ್ಲೆಸಾಬ ಕಟ್ಟನ್ನು ಕಾಟಾದ ಮೇಲೆ ಮತ್ತೊಮ್ಮೆ ಇಟ್ಟು, ಅಂಕಿಯನ್ನು ಅವನ ಕಡೆಗೆ ತಿರುಗಿಸಿದ.

ಒಂದು ಕಿಲೋ ನೂರ ನಲವತ್ತು ಗ್ರಾಂ.