ಅಕ್ಕಿ ತುಂಬಿತು!

ನಮ್ಮದು ಕಾಣಿಯೂರಿನಲ್ಲಿ ಮದುವೆ, ಮುಂಜಿಗಳಿಗೆ ಅಡುಗೆ ಮಾಡಿಕೊಡುವ ಪುಟ್ಟ ತಂಡ. ಅಡುಗೆಗೆ ಕೇಶವಣ್ಣ. ಪುತ್ತೂರಿನಿಂದ ಸಾಮಾನು ತರುವುದು, ಪಿಕಪ್ ಓಡಿಸುವುದು ನಮ್ಮ ಯಜಮಾನರು. ಉಗ್ರಾಣ ಎಂಬ ಸಾಮಾನಿನ ಕೋಣೆಗೆ ಅವರ ಸೋದರತ್ತೆ ಸರಸತ್ತೆ. ಇನ್ನು ನಾನು? ನಾನು ಆಡಳಿತ! ಅಂದರೆ ಎಲ್ಲರೂ ಕೆಲಸ ಮಾಡುವಾಗ ಫೋನ್ ಹಿಡಿದುಕೊಂಡು ನಡುವೆ ನಿಲ್ಲುವವಳು.

ಯಾವ ಸಾಮಾನು ಮುಗಿಯಿತೆಂದು ನಮ್ಮಲ್ಲಿ ಕೊನೆಯ ಗಳಿಗೆಯವರೆಗೂ ಯಾರಿಗೂ ತಿಳಿಯುತ್ತಿರಲಿಲ್ಲ. ಆದ್ದರಿಂದ ನಾನು ಒಂದು ಐತಿಹಾಸಿಕ ನಿರ್ಧಾರ ಕೈಗೊಂಡೆ. ಫೋನಿನಲ್ಲಿ ‘ಉಗ್ರಾಣ’ ಎಂಬ ಗುಂಪು ಮಾಡಿ, ಅದಕ್ಕೊಂದು ಆ್ಯಪ್ ಜೋಡಿಸಿದೆ. ಸರಸತ್ತೆ ಗುಂಪಿನಲ್ಲಿ ಸಾಮಾನಿನ ಸ್ಥಿತಿ ಬರೆಯಬೇಕು. ಕಡಿಮೆಯಾದರೆ ಗುಂಪಿನ ಎಲ್ಲರ ಫೋನಿನಲ್ಲಿಯೂ ನನ್ನದೇ ಧ್ವನಿ ಕೂಗಬೇಕು. ಫೋನ್ ಸೈಲೆಂಟಿನಲ್ಲಿದ್ದರೂ ಕೂಗಬೇಕು! ಅದಕ್ಕೆ ಬೇಕಾದ ಅನುಮತಿಗಳನ್ನು ಒಬ್ಬೊಬ್ಬರ ಫೋನ್ ಕಿತ್ತುಕೊಂಡು ನಾನೇ ಒತ್ತಿದೆ.

ಎಷ್ಟಕ್ಕಿಂತ ಕಡಿಮೆಯಾದರೆ ಕೂಗಬೇಕು ಎಂದು ಆ್ಯಪ್ ಕೇಳಿತು. ಐದು ಕಿಲೋ ಎಂದು ಹಾಕಿದೆ. ಎಲ್ಲ ಸಾಮಾನಿಗೂ ಹಾಕಿದೆ. ಸಮಾನತೆ ಎಂದರೆ ಸಮಾನತೆ!

ಮರುದಿನ ಸರಸತ್ತೆ ‘ಇಂಗು ಕಾಲು ಕಿಲೋ’ ಎಂದು ಬರೆದರು. ಕೂಡಲೇ ಪುತ್ತೂರು ಪೇಟೆಯಲ್ಲಿದ್ದ ಯಜಮಾನರ ಕಿಸೆಯಿಂದ ನಾನು ಕೂಗಿದೆ. ಸಂಜೆ ಅವರು ಐದು ಕಿಲೋ ಇಂಗು ತಂದು ಜಗಲಿಯಲ್ಲಿಟ್ಟರು. ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ದುಃಖಕ್ಕೆ, ಅರ್ಧ ವಾಸನೆಗೆ.

“ಇಷ್ಟು ಇಂಗು ಎಂತಕ್ಕೆ ತಂದದ್ದು ನೀವು?”

“ಎಂತಕ್ಕೆ ಅಂತ ನನಗೆಂತ ಗೊತ್ತು ಮಾರಾಯ್ತಿ? ನೀನೇ ಕೂಗಿದ್ದಲ್ವಾ! ಆ ಅಂಗಡಿಯವರು ಇವತ್ತು ನನಗೆ ಎದ್ದು ನಿಂತು ನಮಸ್ಕಾರ ಮಾಡಿದ್ದಾರೆ.”

ತಪ್ಪು ಅಂಕಿಗಳದ್ದು ಎಂದು ತೀರ್ಮಾನಿಸಿದೆ. ನನ್ನದಂತೂ ಆಗಿರಲು ಸಾಧ್ಯವಿರಲಿಲ್ಲ. ಅಂಕಿಗಳನ್ನು ಕಿತ್ತುಹಾಕಿ ಮಾತುಗಳನ್ನು ತುಂಬಿಸಿದೆ. ‘ಖಾಲಿ’, ‘ಮುಗಿಯಿತು’, ‘ಇಲ್ಲ’ ಎಂಬ ಮಾತು ಕಂಡರೆ ಕೆಂಪು ಬಣ್ಣ, ಜೊತೆಗೆ ಕೂಗು. ‘ಉಂಟು’, ‘ತುಂಬಿತು’ ಎಂದಿದ್ದರೆ ಹಸಿರು ಬಣ್ಣ, ಶಾಂತಿ. ನೀವೇ ಹೇಳಿ, ಇದರಲ್ಲಿ ತಪ್ಪಲು ಏನಿದೆ?

ಅಷ್ಟರಲ್ಲಿ ಅರಂತೋಡಿನಿಂದ ಒಳಗಿನ ಒಂದು ಸಭಾಭವನದಲ್ಲಿ ರಾಮಚಂದ್ರಣ್ಣನ ಮಗಳ ಮದುವೆ ನಮಗೆ ಸಿಕ್ಕಿತು. ಅಷ್ಟು ದೊಡ್ಡ ಮದುವೆ ನಮಗೆ ಅದೇ ಮೊದಲು. ಊಟ ಚೆನ್ನಾದರೆ ನಮ್ಮ ಹೆಸರು ಸುಳ್ಯದವರೆಗೆ ಹೋಗುತ್ತದೆ. ಅನ್ನ ಕಡಿಮೆಯಾದರೆ ಅದಕ್ಕಿಂತ ಬೇಗ ಹೋಗುತ್ತದೆ. ನಮ್ಮ ವ್ಯವಸ್ಥೆ ಎಷ್ಟು ಪಾರದರ್ಶಕವೆಂದು ತೋರಿಸಲು ರಾಮಚಂದ್ರಣ್ಣನನ್ನೂ ಗುಂಪಿಗೆ ಸೇರಿಸಿದೆ. ಅವರ ಫೋನಿನಲ್ಲೂ ಅನುಮತಿಗಳನ್ನು ನಾನೇ ಒತ್ತಿದೆ.

ಮದುವೆಯ ದಿನ ಹತ್ತೂವರೆಗೆ ಸರಸತ್ತೆಯ ಸಂದೇಶ ಬಂತು: ‘ಅಕ್ಕಿ ತುಂಬಿತು.’ ಹಿಂದೆಯೇ ಇನ್ನೊಂದು: ‘ಅಕ್ಕಿ ತುಂಬಿತು, ಬೇಗ ನೋಡು.’ ಪರದೆಯೆಲ್ಲ ಹಸಿರು! ನನ್ನ ಎದೆ ಉಬ್ಬಿತು. ಹೆಬ್ಬೆರಳೆತ್ತಿದ ಚಿತ್ರ ಕಳಿಸಿದೆ. ಪಿಕಪ್‌ನಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದ ಎರಡು ಚೀಲ ಅಕ್ಕಿಯನ್ನು, ಮರುದಿನ ಪೂಜೆಯ ಊಟ ಒಪ್ಪಿಕೊಂಡಿದ್ದ ಬೆಳ್ಳಾರೆಯ ಮನೆಗೆ ಈಗಲೇ ಮುಟ್ಟಿಸಿ ಎಂದು ಯಜಮಾನರನ್ನು ಓಡಿಸಿದೆ. ಆಡಳಿತ ಎಂದರೆ ಹೀಗಿರಬೇಕು.

ಹನ್ನೊಂದು ಗಂಟೆ ದಾಟಿದಾಗ ಕೇಶವಣ್ಣ ಬಂದರು. “ಅಕ್ಕ, ಜನ ಲೆಕ್ಕಕ್ಕಿಂತ ಜಾಸ್ತಿ ಉಂಟು. ಇನ್ನೆರಡು ಚೀಲ ಅಕ್ಕಿ ಕೊಡಿ.”

ನಾನು ಗತ್ತಿನಿಂದ ಉಗ್ರಾಣಕ್ಕೆ ನಡೆದೆ. ಅಲ್ಲಿ ಸರಸತ್ತೆ ಇದ್ದರು. ಅಕ್ಕಿ ಇರಲಿಲ್ಲ!

“ಅತ್ತೆ, ತುಂಬಿತು ಅಂತ ಬರೆದಿದ್ದೀರಿ!”

“ಹೌದು, ಎರಡು ಸಲ ಬರೆದೆ. ನೀನು ಹೆಬ್ಬೆರಳು ತೋರಿಸಿ ಕೂತೆ.”

“ಎಲ್ಲುಂಟು ಮತ್ತೆ? ಒಂದು ಕಾಳಿಲ್ಲ!”

“ಅದನ್ನೇ ಅಲ್ವಾ ಬರೆದದ್ದು? ಮದುವೆ ಮನೆಯಲ್ಲಿ ಕೂತು ಅಕ್ಕಿ ಮುಗಿಯಿತು ಅಂತ ಬರೆಯುದಾ? ನಿನ್ನ ತಾಯಿ ಮನೆಯಲ್ಲಿ ಅಕ್ಕಿ ಮುಗಿದರೆ ಎಂತ ಹೇಳುದು?”

ನನ್ನ ತಾಯಿ ‘ಅಕ್ಕಿ ತುಂಬಿತು’ ಎಂದೇ ಹೇಳುತ್ತಿದ್ದರು. ಅಕ್ಕಿ, ಅರಿಶಿನ, ಕುಂಕುಮಗಳ ವಿಷಯದಲ್ಲಿ ‘ಇಲ್ಲ’ ಎನ್ನಬಾರದೆಂದು ನನಗೆ ಬಾಲ್ಯದಲ್ಲೇ ಕಲಿಸಿದವರೂ ಅವರೇ. ಮೊನ್ನೆ ಮೊನ್ನೆ ಕುಂಕುಮ ಮುಗಿದಾಗ ನಾನೂ ಹಾಗೆಯೇ ಹೇಳಿದ್ದೆ. ಕೈಗೆ ಫೋನ್ ಬಂದ ಮೇಲೆ ಕನ್ನಡ ಮರೆತಿದ್ದೆ, ಅಷ್ಟೇ.

ಯಜಮಾನರಿಗೆ ಫೋನ್ ಮಾಡಿದೆ. ಹೋಗಲಿಲ್ಲ. ಮತ್ತೆ ಮಾಡಿದೆ. ಊಹೂಂ. ಸಭಾಭವನದಲ್ಲಿ ಸಿಗ್ನಲ್ ಸತ್ತಿತ್ತು, ವೈಫೈ ಮಾತ್ರ ಜೀವಂತವಿತ್ತು. ನನ್ನ ದೆಸೆಯಿಂದ ಆ ತಂದೆಯ ಮುಖ ಜನರ ಮುಂದೆ ಸಣ್ಣದಾಗುತ್ತದಲ್ಲ ಎಂದು ನಿಜಕ್ಕೂ ಅಳು ಬಂತು. ಗುಂಪು ತೆರೆದು ‘ಅಕ್ಕಿ ಖಾ’ ಎಂದು ಬರೆದೆ.

“ಬೇಡ ಮಗಾ, ಆ ಶಬ್ದ ಬೇಡ! ತುಂಬಿತು ಅಂತಲೇ ಬರಿ!” ಸರಸತ್ತೆ ಕೈ ಹಿಡಿದರು.

ನಾನು ‘ಲಿ’ ಹಾಕಿ ಕಳಿಸಿಯೇ ಬಿಟ್ಟೆ.

ಮಂಟಪದಲ್ಲಿ ವರನ ಕೈಯಲ್ಲಿ ತಾಳಿ ಇತ್ತು. ವಾದ್ಯದವರು ಪುರೋಹಿತರ ಸನ್ನೆಗೆ ಕಾದಿದ್ದರು. ಅಷ್ಟು ದೊಡ್ಡ ಸಭಾಭವನ ನಿಶ್ಶಬ್ದ. ಆಗ ರಾಮಚಂದ್ರಣ್ಣನ ಸೊಂಟದಿಂದ ನಾನು ಕೂಗಿದೆ: “ಎಚ್ಚರಿಕೆ! ಅಕ್ಕಿ ಖಾಲಿ! ಅಕ್ಕಿ ಖಾಲಿ! ಕೂಡಲೇ ಗಮನಿಸಿ!”

ಪುರೋಹಿತರು ಬೆಚ್ಚಿ ಅಕ್ಷತೆಯ ತಟ್ಟೆ ನೋಡಿದರು. “ಯಾರದು ಖಾಲಿ ಅಂದದ್ದು? ಉಂಟು, ಬೇಕಾದಷ್ಟು ಉಂಟು! ಹಾಕಿ!”

ಹಾಕಿ ಎಂದದ್ದೇ ತಡ, ಜನರೆಲ್ಲ ಅಕ್ಷತೆ ಎರಚಿದರು. ಅದನ್ನೇ ಸನ್ನೆಯೆಂದು ತಿಳಿದು ವಾದ್ಯದವರು ಗಟ್ಟಿಮೇಳ ಹೊಡೆದರು. ಗಟ್ಟಿಮೇಳ ಕೇಳಿ ಗಾಬರಿಯಾದ ವರ ತಾಳಿ ಕಟ್ಟಿಯೇ ಬಿಟ್ಟ! ಪುರೋಹಿತರು ಗಡಿಯಾರ ನೋಡಿ, “ಲಗ್ನದೊಳಗೇ ಆಯಿತು, ಅಡ್ಡಿಯಿಲ್ಲ” ಎಂದು ಬೆವರು ಒರೆಸಿಕೊಂಡರು.

ಅತ್ತ ಬೆಳ್ಳಾರೆಯ ದಾರಿಯಲ್ಲಿರಬೇಕಾಗಿದ್ದ ಯಜಮಾನರು ಅರಂತೋಡಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿದ್ದರಂತೆ. ಅವರ ಕಿಸೆಯ ಕೂಗು ಕೇಳಿ ಹೋಟೆಲಿನವರು ತಮ್ಮ ಅಡುಗೆಕೋಣೆಗೆ ಓಡಿದರಂತೆ. ಕಾಲು ಗಂಟೆಯೊಳಗೆ ಪಿಕಪ್ ಧೂಳೆಬ್ಬಿಸಿಕೊಂಡು ಬಂತು. ಅವರ ಬಾಯಲ್ಲಿ ಇನ್ನೂ ಗೋಳಿಬಜೆ ಇತ್ತು. ಆ ಹೊಟ್ಟೆಬಾಕತನವನ್ನು ನಾನು ಅಲ್ಲಿಯೇ ಮನಸಾರೆ ಕ್ಷಮಿಸಿದೆ.

ಕೇಶವಣ್ಣನ ಹಂಡೆ ಕುದಿಯುತ್ತಲೇ ಇತ್ತು. ಕೊನೆಯ ಪಂಕ್ತಿಯ ಕೊನೆಯ ಎಲೆಗೂ ಬಿಸಿ ಅನ್ನ ಬಿತ್ತು. ಸಾರಿಗೆ, ಸಾಂಬಾರಿಗೆ, ಮಜ್ಜಿಗೆಗೆ ಬೇಕುಬೇಕೆಂದು ಅನ್ನ ಹಾಕಿಸಿಕೊಂಡರು. ಒಬ್ಬರೂ ಅರೆಹೊಟ್ಟೆಯಲ್ಲಿ ಏಳಲಿಲ್ಲ. ಗೆದ್ದೆವು! ನಾನು ಪಂಕ್ತಿಗಳ ನಡುವೆ ದಂಡನಾಯಕಿಯ ಹಾಗೆ ಓಡಾಡಿದೆ.

ಸಂಜೆ ಹೊರಡುವಾಗ ಸರಸತ್ತೆಯನ್ನು ಕೇಳಿದೆ, “ಅತ್ತೆ, ಮುಗಿದಾಗ ತುಂಬಿತು ಅಂತ ಬರೆದರೆ, ನಿಜವಾಗಿ ತುಂಬಿದ್ದಾಗ ಎಂತ ಬರೆಯುದು?”

“ಇರುವಾಗ ಎಂತಕ್ಕೆ ಬರೆಯುದು? ಅನ್ನ ಮಾಡುದು.”

ಇದಕ್ಕೆ ನನ್ನ ಆ್ಯಪ್‌ನಲ್ಲಿ ಯಾವ ಬಣ್ಣವೂ ಇರಲಿಲ್ಲ.

ವಾರ ಕಳೆದು ರಾಮಚಂದ್ರಣ್ಣನ ಫೋನ್ ಬಂತು. ಬೈಗುಳಕ್ಕೆ ಸಿದ್ಧಳಾಗಿಯೇ ಎತ್ತಿದೆ.

“ಊಟ ಭಾರೀ ಲಾಯ್ಕಾಗಿತ್ತಮ್ಮ. ಬರುವ ತಿಂಗಳು ಮಗನ ಮದುವೆಯೂ ಉಂಟು. ಅಡುಗೆ ನಿಮ್ಮದೇ.”

ನಾನು ಕುಣಿಯುವುದೊಂದು ಬಾಕಿ. “ಖಂಡಿತ ಅಣ್ಣ! ಆಡಳಿತವೆಲ್ಲ ನಾನೇ...”

“ಅಲ್ಲ, ಕೇಶವಣ್ಣ ಬರಲಿ, ಸರಸತ್ತೆ ಬರಲಿ, ನಿಮ್ಮ ಯಜಮಾನರೂ ಬರಲಿ. ನಿಮಗೆ ಬೇರೆಯೇ ಆಮಂತ್ರಣದ ಕಾಗದ ಕಳಿಸ್ತೇನೆ. ನೀವು ತಾಳಿ ಕಟ್ಟಿದ ಮೇಲೆ, ಊಟದ ಹೊತ್ತಿಗೆ ಸರಿಯಾಗಿ ಬಂದರೆ ಸಾಕು.”

ಹೇಳಿದಂತೆಯೇ ಕಾಗದ ಬಂದಿದೆ, ನನ್ನೊಬ್ಬಳ ಹೆಸರಿಗೆ. ಅಡುಗೆಯವರ ಪೈಕಿ ಇಂಥ ಗೌರವ ಸಿಕ್ಕಿದ್ದು ಇಡೀ ತಾಲೂಕಿನಲ್ಲಿ ನನಗೊಬ್ಬಳಿಗೇ!