ಕಮಲಾಪುರದ ಹಳೆ ದವಾಖಾನೆಯ ಸರಿಯುವ ಗೋಡೆಗೆ

ಗಾಲಿಸಹಿತರೂ ಸರ್ವಾಂಗಸುಂದರರೂ ಆದ ಗೋಡೆಯವರ ಸನ್ನಿಧಿಗೆ, ಕಮಲಾಪುರದ ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಅನಂತ ನಮಸ್ಕಾರಗಳು.

ಮಾನ್ಯರೇ,

ಕಲಬುರಗಿಯ ಕಚೇರಿಗಳಲ್ಲಿ ಕಡತ ಸರಿಯುವುದಿಲ್ಲ, ಕುರ್ಚಿ ಸರಿಯುವುದಿಲ್ಲ, ಕುರ್ಚಿಯಲ್ಲಿ ಕೂತವರಂತೂ ಸರಿಯುವುದೇ ಇಲ್ಲ. ಸರ್ಕಾರದ ದುಡ್ಡಿನಲ್ಲಿ ಹುಟ್ಟಿಯೂ ಗುಂಡಿ ಒತ್ತಿದೊಡನೆ ಜಾಗ ಬಿಟ್ಟು ಸರಿಯುವವರು ತಾವೊಬ್ಬರೇ ಆದ್ದರಿಂದ ಈ ದೂರನ್ನು ನೇರವಾಗಿ ತಮಗೇ ಬರೆಯುತ್ತಿದ್ದೇವೆ.

ನಿಜಾಮರ ಕಾಲದ ಈ ದವಾಖಾನೆಗೆ ಬೀಗ ಬಿದ್ದು, ಆ ಬೀಗವೂ ತುಕ್ಕು ಹಿಡಿದು ಉದುರಿದ ಮೇಲೆ, ಅದರ ಪಡಸಾಲೆಯಲ್ಲಿ ಒಲೆ ಹೂಡಿ, ಕಲಬುರಗಿಯ ಸ್ಟೇಶನ್ ಬಜಾರದ ಖಾನಾವಳಿಗಳಿಗೆ ಖಡಕ್ ರೊಟ್ಟಿ ಕಳಿಸುತ್ತ ನಾವು ಸಂಸಾರ ನಡೆಸಿದೆವು. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಅದೇ ಜಾಗದಲ್ಲಿ ಮಸ್ತಾನಬಿಯವರ ಹೊಲಿಗೆ ಕ್ಲಾಸು. ಇದಕ್ಕೆ ‘ಬಹೂಪಯೋಗಿ ಸಮುದಾಯ ತಾಣ’ ಎಂಬ ಹೆಸರಿದೆಯೆಂದು ತಿಳಿಯದೆ ಬಳಸಿದ್ದು ನಮ್ಮದೇ ತಪ್ಪು.

ಆಮೇಲೆ ದವಾಖಾನೆಯನ್ನು ಹೊಸದು ಮಾಡಲೆಂದು ಕಲಬುರಗಿಯಿಂದ ಸರ್ಕಾರದ ವಿನ್ಯಾಸಕರು ಬಂದು, ಜಾಗ ಹೇಗಿರಬೇಕೆಂದು ಕೇಳಿದರು. ನಮ್ಮಲ್ಲಿ ಹಿರಿಯಳಾದ ಬಂಡೆಮ್ಮ ಅವರಿಗೆ ಬಿಸಿರೊಟ್ಟಿ, ಪುಂಡಿಪಲ್ಯ ಬಡಿಸಿ, “ನಿಮಗ ಹ್ಯಾಂಗ ಬೇಕೋ ಹಂಗ ಮಾಡ್ರೀ, ನಾವು ಒಂದು ಮಗ್ಗಲಿಗೆ ಸರದು ಕೂಡ್ತೀವಿ” ಎಂದಳು. ನಮ್ಮ ಕಡೆ ಮನೆಗೆ ಬಂದವರಿಗೆಲ್ಲ ಹೀಗೇ ಹೇಳುತ್ತೇವೆ. ಬಂದವರು “ಛೇ ಛೇ, ನೀವು ಅಲ್ಲೇ ಕೂಡ್ರಿ” ಎನ್ನಬೇಕೆಂಬುದೂ ಎಲ್ಲರಿಗೂ ಗೊತ್ತು. ವಿನ್ಯಾಸಕರು ಮಾತ್ರ ಅದನ್ನು ಒಪ್ಪಿಗೆಯೆಂದು ಬರೆದುಕೊಂಡು, ಕೈ ತೊಳೆದುಕೊಂಡು ಹೋದರು.

ಈಗ ತಾವು ನಮ್ಮೂರ ಹೆಸರಾಂತ ಕೆಂಪು ಬಾಳೆಹಣ್ಣಿನ ಬಣ್ಣ ಬಳಿದುಕೊಂಡು ದಯಮಾಡಿಸಿದ್ದೀರಿ. ಎಡಕ್ಕೆ ಸರಿದರೆ ಸಭಾಂಗಣ, ಬಲಕ್ಕೆ ಸರಿದರೆ ಯೋಗಶಾಲೆ. ಯಾವ ಕಡೆ ಸರಿದರೂ ನಾವು ಬೀಳುವುದು ಗೇಟಿನ ಹೊರಗೆ. ಒಲೆಯ ಹೊಗೆಗೆ ತಮ್ಮ ಬಣ್ಣ ಕೆಡುತ್ತದಂತೆ, ರೊಟ್ಟಿ ಬಡಿಯುವ ಸದ್ದು ಸಮುದಾಯಕ್ಕೆ ಕಿರಿಕಿರಿಯಂತೆ. ಆ ಸಮುದಾಯವನ್ನು ನಾವಿನ್ನೂ ಕಂಡಿಲ್ಲ, ಕಂಡರೆ ಖಂಡಿತ ಕೈಮುಗಿಯುತ್ತೇವೆ. ರಸ್ತೆಬದಿಯಲ್ಲಿ ಬಡಿದ ರೊಟ್ಟಿಗೆ ಧೂಳು ಮೆತ್ತುತ್ತದೆಂದು ಖಾನಾವಳಿಯವರು ವಾಪಸು ಕಳಿಸುತ್ತಿದ್ದಾರೆ. ಅಂದು ಆಡಿದ ಮಾತಿಗೆ ಬಂಡೆಮ್ಮ ದಿನಾ ತನ್ನನ್ನೇ ಬೈದುಕೊಳ್ಳುತ್ತಾಳೆ.

ಆದಕಾರಣ ತಾವು ಹೆದ್ದಾರಿ ಹಿಡಿದು ಕಲಬುರಗಿಗೆ ಉರುಳಿ, ವಿನ್ಯಾಸಕರ ಮನೆಯೊಳಗೆ ನಿಂತು, ಅವರನ್ನೂ ಒಂದು ಮಗ್ಗಲಿಗೆ ಸರಿಸಿ ಬರಬೇಕೆಂದು ಪ್ರಾರ್ಥನೆ. ಅಷ್ಟು ದೂರ ಆಗದಿದ್ದರೆ, ನಮ್ಮ ಒಲೆಗಳು ಹಿಡಿಯುವಷ್ಟು ಹಿಂದೆ ಸರಿದರೂ ಸಾಕು.

ಗೇಟಿನ ಹೊರಗಿನಿಂದ,
ಎಲ್ಲರ ಪರವಾಗಿ ತಮ್ಮ ವಿಶ್ವಾಸಿ,
ಸಪ್ನಾ

ತಾ.ಕ.: ಉದ್ಘಾಟನೆಯ ಊಟದಲ್ಲಿ ಸ್ಥಳೀಯ ಸೊಗಡಿರಲೆಂದು, ರೊಟ್ಟಿ ಬಡಿದುಕೊಡಿ ಎಂದು ಕಚೇರಿಯಿಂದ ಫೋನ್ ಬಂದಿತ್ತು. ಬಂಡೆಮ್ಮ “ನಿಮ್ಮ ಗ್ವಾಡಿಗೇ ಹೇಳ್ರೀ, ಬಡದು ಕೊಡ್ತದ” ಎಂದು ಫೋನ್ ಇಟ್ಟಳು. ತಮಗೆ ಕೈಗಳಿಲ್ಲವೆಂಬುದು ಗಣ್ಯರಿಗೆ ಎಲೆ ಹಾಕಿದ ಮೇಲೆ ತಿಳಿದೀತು.